ಭಾನುವಾರ ನೋಡಿದ ಸೈಟು, ಬುಧವಾರ ನಡೆದ ದಾರಿ

ಬಾಡಿಗೆ ಮನೆಯಲ್ಲಿ ಮಗು ಕುಣಿದರೂ ತಾಯಿಯ ಎದೆ ಹೊಡೆದುಕೊಳ್ಳುತ್ತದೆ. ಚೆನ್ನೈನ ಕೋಡಂಬಾಕ್ಕಂನ ಒಂದು ಓಣಿಯ ಮನೆಯಲ್ಲಿ ಪ್ರಣಮ್ಯಾಗೆ ಐದು ವರ್ಷಗಳಿಂದ ಅದೇ ಅಭ್ಯಾಸವಾಗಿತ್ತು. ಮಗಳು ಚೈತನ್ಯಾ ಚೆಂಡು ಪುಟಿಸಿದರೆ ಕೆಳಗಿನ ಮನೆಯ ಮಾಲೀಕರಮ್ಮ ಕೋಲಿನಿಂದ ಛಾವಣಿ ಕುಟ್ಟುತ್ತಿದ್ದರು. ಊರಿನಿಂದ ನೆಂಟರು ಬಂದರೆ ಎಷ್ಟು ದಿನ ಇರುತ್ತಾರೆ ಎಂಬ ಪ್ರಶ್ನೆ ಮೆಟ್ಟಿಲಲ್ಲೇ ಎದುರಾಗುತ್ತಿತ್ತು. ಈಗ ದೀಪಾವಳಿ ಮುಗಿಯುತ್ತಲೇ ಅವರು ಇನ್ನೊಂದು ಮಾತು ಹೇಳಿದ್ದರು: "ಮಗನಿಗೆ ಮದುವೆ. ಪೊಂಗಲ್ ಆದಮೇಲೆ ಮನೆ ಬಿಟ್ಟುಕೊಡಿ."

ಪ್ರಣಮ್ಯಾಳ ಗಂಡ ಶ್ರೀಶ ಉಡುಪಿ ಕಡೆಯವನು. ಅದೇ ಬೀದಿಯ ಸಸ್ಯಾಹಾರಿ ಹೋಟೆಲಿನಲ್ಲಿ ಆರ್ಡರ್ ಊಟದ ಮಾಸ್ಟರ್. ಮದುವೆ, ಸೀಮಂತ, ಆಫೀಸಿನ ಪೂಜೆ ಎಂದರೆ ನೂರು ಎಲೆಯಾಗಲಿ, ಐನೂರು ಎಲೆಯಾಗಲಿ ಅವನ ಕೈಯಡುಗೆ. ಪ್ರಣಮ್ಯಾ ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು ಪಾಸು ಮಾಡುವ ಕೆಲಸದಲ್ಲಿದ್ದಳು. ಬೆಳಿಗ್ಗೆ ಎಂಟೂವರೆಗೆ ಗೇಟಿನಲ್ಲಿರಬೇಕು. ಕೋಡಂಬಾಕ್ಕಂನಿಂದ ಪಾರ್ಕ್ ಸ್ಟೇಷನ್, ರಸ್ತೆ ದಾಟಿ ಸೆಂಟ್ರಲ್, ಅಲ್ಲಿಂದ ಇನ್ನೊಂದು ರೈಲು. ಒಟ್ಟು ಒಂದೂಕಾಲು ಗಂಟೆ.

ಆ ಶುಕ್ರವಾರ ಶ್ರೀಶ ಚಪ್ಪಲಿ ಬಿಡುವ ಮೊದಲೇ ಕೂಗಿದ.

"ಜಾಗ ಸಿಕ್ಕಿತು ಮಾರಾಯ್ತಿ! ನಮ್ಮ ಸ್ವಂತ ಜಾಗ!"

ಚೆಂಗಲ್ಪಟ್ಟು ರೈಲು ಲೈನಿನಲ್ಲಿ, ಗೂಡುವಾಂಚೇರಿಯನ್ನೂ ದಾಟಿ ಹೋದರೆ ಸಿಗುವ ಹೊಸ ಲೇಔಟ್ ಅದು. ಹೆಸರು ಮುಲ್ಲೈವಾಸಲ್ ನಗರ. ಕೈಯಲ್ಲಿದ್ದ ಬಣ್ಣದ ಹಾಳೆಯಲ್ಲಿ ತೆಂಗಿನ ಮರ, ಸೈಕಲ್ ಹೊಡೆಯುವ ಮಕ್ಕಳು, ಕೆಳಗೆ ದಪ್ಪ ಅಕ್ಷರದಲ್ಲಿ "ಸ್ಟೇಷನ್ನಿನಿಂದ ಏಳೇ ನಿಮಿಷ".

"ಅಂಗೆ ಊಂಜಲ್ ಇರುಕ್ಕಾಪ್ಪಾ?" ಎಂದಳು ಚೈತನ್ಯಾ. ಅಲ್ಲಿ ಉಯ್ಯಾಲೆ ಇದೆಯಾ ಎಂದು ಅವಳ ಚಿಂತೆ. ಶಾಲೆಗೆ ಸೇರಿದ ಮೇಲೆ ಕನ್ನಡದಲ್ಲಿ ಕೇಳಿದ್ದಕ್ಕೂ ಅವಳ ಉತ್ತರ ತಮಿಳಿನಲ್ಲೇ.

"ಉಂಟು ಮಗಾ, ಎರಡುಂಟು. ಪ್ರಣಮ್ಯಾ, ಈ ಭಾನುವಾರ ಟೋಕನ್ ಅಡ್ವಾನ್ಸ್ ಕೊಟ್ಟು ಬರುವ. ಕಿಟ್ಟಣ್ಣನೂ ತಕ್ಕೊಂಡಿದ್ದಾರೆ." ಕಿಟ್ಟಣ್ಣ ಹೋಟೆಲಿನ ಕ್ಯಾಷಿಯರ್. ನಿವೃತ್ತಿಗೆ ಒಂದೇ ವರ್ಷ ಬಾಕಿ.

"ಯಾರದ್ದು ಲೇಔಟ್? ನಂಬಬಹುದಾ?"

"ಸೈಟು ತೋರಿಸುವ ನಮ್ಮ ಸಾಯಿ ಇದ್ದಾನಲ್ಲ, ಅವನು ಕೆಲಸ ಮಾಡುವ ಕಂಪೆನಿಯದ್ದು. ಆರು ಭಾನುವಾರದಿಂದ ಅಲ್ಲಿ ನನ್ನದೇ ಊಟ. ಅವನನ್ನು ನಾನು ನೋಡಿದ್ದೇನೆ. ಎಲ್ಲರಿಗೂ ಬಡಿಸಿ ಆದಮೇಲೆ ನನ್ನ ಪಕ್ಕ ಕೂತು ಉಣ್ತಾನೆ. ಎಲೆಯಲ್ಲಿ ಒಂದು ಅಗುಳು ಬಿಡುದಿಲ್ಲ, ಕರಿಬೇವಿನ ಸೊಪ್ಪು ಒಂದು ಬಿಟ್ಟು. ಎಲೆ ಚೊಕ್ಕ ಮಾಡಿ ಏಳುವ ಮನುಷ್ಯ ಮೋಸ ಮಾಡ್ಲಿಕ್ಕಿಲ್ಲ."

ಶ್ರೀಶ ಮನುಷ್ಯರನ್ನು ಅಳೆಯುತ್ತಿದ್ದುದು ಹಾಗೆಯೇ. ಇಪ್ಪತ್ತು ವರ್ಷ ಪಂಕ್ತಿಯಲ್ಲಿ ಬಡಿಸಿದವನಿಗೆ ಎಲೆಯೇ ಜಾತಕ. ಭಾನುವಾರ ಕಂಪೆನಿಯವರು ವ್ಯಾನಿನಲ್ಲಿ ಜನರನ್ನು ಕರೆದೊಯ್ದು, ಸೈಟು ತೋರಿಸಿ, ಶಾಮಿಯಾನದ ಕೆಳಗೆ ಬಾಳೆಎಲೆ ಊಟ ಹಾಕಿಸುತ್ತಿದ್ದರು. ಹಾಗೆ ಆರು ಸಲ ಹೋದ ಶ್ರೀಶ ಆರು ಸಲವೂ ಅಡುಗೆ ಪಾತ್ರೆಗಳ ಜೊತೆಗೇ ಹೋಗಿ ಅವುಗಳ ಜೊತೆಗೇ ಮರಳಿದ್ದ.

ಪ್ರಣಮ್ಯಾ ಹಾಳೆ ತಿರುವಿ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಅಲ್ಲಿಂದ ನಾನು ಅಂಬತ್ತೂರಿಗೆ ಹೋಗುದು ಹೇಗೆ?"

"ರೈಲು ಉಂಟಲ್ಲ. ಆಗದಿದ್ರೆ ಕೆಲಸ ಬಿಟ್ರಾಯ್ತು. ಮನೆಗಿಂತ ಹೆಚ್ಚಾ?"

ಅವನು ಕೋಪದಿಂದ ಹೇಳಿದ್ದಲ್ಲ. ಸಂತೋಷದ ಭರದಲ್ಲಿ, ಲೋಟ ತೊಳೆದಿಡು ಎಂದಷ್ಟು ಸಲೀಸಾಗಿ ಹೇಳಿದ. ಸಿಟ್ಟಿನ ಮಾತಾಗಿದ್ದರೆ ಪ್ರಣಮ್ಯಾ ಎದುರು ಹೇಳಬಹುದಿತ್ತು. ಸ್ವಂತ ಮನೆಯ ಆಸೆ ಅವನಿಗಿಂತ ಅವಳಿಗೇ ಹೆಚ್ಚು. ಅಡುಗೆಮನೆಯ ಕಿಟಕಿ ಎಲ್ಲಿರಬೇಕು ಎಂಬುದೂ ಅವಳ ಮನಸ್ಸಿನಲ್ಲಿ ನಿಂತುಹೋಗಿತ್ತು. ಈಗ ಬೇಡವೆಂದರೆ ಮನೆ ತಪ್ಪಿಸಿದವಳು ತಾನೇ ಆಗುತ್ತೇನೆ. ಹ್ಞೂಂ ಎಂದರೆ, ಬೆಳಿಗ್ಗೆ ಕೈಗೆ ಅಳತೆಯ ಉಪಕರಣ ತೆಗೆದುಕೊಂಡ ಗಳಿಗೆಯಲ್ಲಿ ಮನಸ್ಸಿಗೆ ಬರುವ ಆ ನೆಟ್ಟಗೆ ನಿಂತ ಭಾವ ಇನ್ನಿಲ್ಲ. ಅದಕ್ಕೊಂದು ಹೆಸರೂ ಇಲ್ಲ, ಹೇಳಿ ಒಪ್ಪಿಸಲು. ಅವಳು ಎದ್ದು ಅನ್ನಕ್ಕಿಟ್ಟಳು.

ಮರುದಿನ ಸಂಜೆ ಗುಣವತಿಯಕ್ಕ ಬಂದರು. ಕುಂದಾಪುರದ ಕಡೆಯವರು, ಮದ್ರಾಸು ಚೆನ್ನೈ ಆಗುವ ಮೊದಲೇ ಬಂದವರು. ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಪತ್ರ ಬರೆಯುವವರ ಬಳಿ ಹದಿನೆಂಟು ವರ್ಷಗಳಿಂದ ಟೈಪು ಮಾಡುತ್ತಾರೆ. ಸುತ್ತಲಿನ ಕನ್ನಡದ ಮನೆಗಳಲ್ಲಿ ಯಾರು ಜಾಗ ಕೊಂಡರೂ ಅವರ ಕಣ್ಣು ತಪ್ಪಿಸಿ ಕೊಳ್ಳುವುದು ಕಷ್ಟ.

"ಜಾಗ ತಗೊಳ್ತೀಯಂತೆ? ಕಿಟ್ಟಣ್ಣ ಹೇಳಿದ್ರು," ಎನ್ನುತ್ತ ಕುರ್ಚಿ ಎಳೆದುಕೊಂಡರು. "ಪೇಪರ್ ಎಲ್ಲುಂಟು?"

"ಬಂದಿರಾ! ಪತ್ರ ಟೈಪ್ ಮಾಡಿ ಮಾಡಿ ನಿಮಗೆ ಎಲ್ಲರೂ ಕಳ್ಳರ ಹಾಗೆ ಕಾಣ್ತಾರೆ ಗುಣಕ್ಕ," ಎಂದು ಶ್ರೀಶ ನಕ್ಕ.

"ನಿನಗೆ ಎಲೆ ತುಂಬ ಉಂಡವರೆಲ್ಲ ಹರಿಶ್ಚಂದ್ರರ ಹಾಗೆ ಕಾಣ್ತಾರೆ. ಕೊಡು ಇಲ್ಲಿ."

ಶ್ರೀಶ ಕಡತ ತಂದುಕೊಟ್ಟ. ಗುಣಕ್ಕ ಕನ್ನಡಕ ಏರಿಸಿ ಒಂದೊಂದೇ ಹಾಳೆ ಸರಿಸಿದರು. ಪ್ರಣಮ್ಯಾ ಅವಲಕ್ಕಿ ಕಲಸುತ್ತಲೇ ಕಿವಿಗೊಟ್ಟಳು.

"ಎಂತ ನೋಡುದು ಗುಣಕ್ಕ? ನನಗೂ ಹೇಳಿಕೊಡಿ."

"ಬಾ, ನೀನೇ ನೋಡು. ಇದು ಲೇಔಟಿಗೆ ಯೋಜನಾ ಇಲಾಖೆ ಕೊಟ್ಟ ಅನುಮೋದನೆ ನಂಬರು. ಇದು ರೇರಾ ನಂಬರು, ಮಾರುವವರು ರಿಯಲ್ ಎಸ್ಟೇಟ್ ಪ್ರಾಧಿಕಾರದಲ್ಲಿ ನೋಂದಾಯಿಸಿದ್ದು. ಎರಡನ್ನೂ ಸರ್ಕಾರದ ವೆಬ್‌ಸೈಟಿನಲ್ಲಿ ಹಾಕಿದ್ರೆ ಇದೇ ಹೆಸರು ಬರಬೇಕು. ಇದು ಪಟ್ಟಾ, ಯಾರ ಹೆಸರಿನ ಭೂಮಿ ಅಂತ. ಇದು ತಾಯ್ ಪತ್ರಂ, ಅಂದ್ರೆ ಮೂಲಪತ್ರ. ಆ ಭೂಮಿ ಯಾರಿಂದ ಯಾರಿಗೆ ಬಂತು ಅಂತ ಕೊಂಡಿ ತಪ್ಪದೆ ಹೇಳಬೇಕು. ಇದು ವಿಲ್ಲಂಗಂ. ಜಾಗದ ಮೇಲೆ ಸಾಲ, ಅಡಮಾನ, ತಕರಾರು ದಾಖಲಾಗಿದ್ರೆ ಇದರಲ್ಲಿ ಸಿಕ್ತದೆ. ಮೂವತ್ತು ವರ್ಷದ್ದು ತೆಗೆಸಬೇಕು. ಕಡೆಗೆ ಒಬ್ಬ ವಕೀಲರಿಗೂ ತೋರಿಸಬೇಕು. ನಾನು ಟೈಪಿಸ್ಟು, ಲಾಯರ್ ಅಲ್ಲ."

ಮೊಬೈಲು ತೆಗೆದು ನಂಬರುಗಳನ್ನು ಹಾಕಿ ನೋಡಿದರು. ಅರ್ಧ ಗಂಟೆ ಹೆಸರಿಗೆ ಹೆಸರು ತಾಳೆ ಹಾಕಿದರು. ಕೊನೆಗೆ ಕನ್ನಡಕ ಇಳಿಸಿದರು.

"ನನಗೆ ಕಂಡ ಮಟ್ಟಿಗೆ ಪೇಪರ್ ಸರಿ ಉಂಟು."

ಶ್ರೀಶ ತೊಡೆ ತಟ್ಟಿದ. "ನಾನು ಹೇಳಲಿಲ್ವಾ? ಎಲೆ ನೋಡಿದ್ರೆ ಗೊತ್ತಾಗ್ತದೆ!"

"ನಿಲ್ಲು, ಹಾರಬೇಡ. ಪೇಪರ್ ಪಾಸಾಯ್ತು. ಜಾಗ ಪಾಸಾಗ್ಲಿಲ್ಲ. ಸ್ಟೇಷನ್ನಿನಿಂದ ಸೈಟಿಗೆ ನಡೆದಿದ್ದೀಯಾ?"

"ವ್ಯಾನು ಹೈವೇ ಕಡೆಯಿಂದ ಹೋಗುದು."

"ಮಳೆ ಬಂದ ಮರುದಿನ ನೋಡಿದ್ದೀಯಾ?"

"ಮಳೆ ಬಂದ್ರೆ ಊಟದ ಆರ್ಡರೇ ಕ್ಯಾನ್ಸಲ್."

"ಪ್ರಣಮ್ಯಾ ಎಷ್ಟು ಗಂಟೆಗೆ ಹೊರಟ್ರೆ ಕೆಲಸಕ್ಕೆ ಮುಟ್ತಾಳೆ?"

ಶ್ರೀಶ ಹೆಂಡತಿಯ ಕಡೆ ನೋಡಿದ. "ಕಷ್ಟವಾದ್ರೆ ಕೆಲಸ ಬಿಡಬಹುದು. ಅವಳಿಗೂ ಒಪ್ಪಿಗೆ ಉಂಟು."

"ಅವಳು ಹೇಳಿದ್ಲಾ?"

ಪ್ರಣಮ್ಯಾ ಬಟ್ಟಲು ಮುಂದಿಟ್ಟಳು.

ಗುಣಕ್ಕ ಅವಳಿಗಾಗಿ ಮಾತಾಡಲಿಲ್ಲ, ತಮ್ಮ ಕತೆಯನ್ನೇ ಹೇಳಿದರು. "ನಾವು ಮನೆ ಕಟ್ಟಿದ ವರ್ಷ ನಾನು ಶಾಲೆಯಲ್ಲಿ ಕಲಿಸ್ತಿದ್ದೆ. ಮನೆ ದೂರ. ಎರಡು ತಿಂಗಳು ಓಡಾಡಿದೆ. ಬೆಳಿಗ್ಗೆ ಹಾಜರಿ ಕರೆಯುವಾಗ ಕಣ್ಣು ಮುಚ್ಚಿ ಹೋಗ್ತಿತ್ತು. ಬಿಡು ಅಂತ ನನಗೆ ಯಾರೂ ಹೇಳ್ಲಿಲ್ಲ ಶ್ರೀಶಾ. ರೈಲೇ ಬಿಡಿಸಿತು. ಈ ಟೈಪು ಕೆಲಸ ಸಿಕ್ಕಿದ್ದು ಆಮೇಲೆ, ಆರು ವರ್ಷ ಕಳೆದು. ಆ ಆರು ವರ್ಷ ಹೊಸ ಮನೆಯ ನೆಲ ಒರೆಸಿದ್ದು ಮಾತ್ರ ನೆನಪು." ಒಂದು ಚಮಚ ಅವಲಕ್ಕಿ ತಿಂದು ಮತ್ತೆಂದರು: "ಇನ್ನೊಂದು. ಬ್ಯಾಂಕಿನಲ್ಲಿ ಇಬ್ಬರ ಸಂಬಳ ತೋರಿಸಿ ತಾನೆ ಸಾಲ ಕೇಳುದು? ಒಬ್ಬರ ಕೆಲಸ ಹೋದ್ರೆ ಕಂತು ಯಾರು ಕಟ್ಟುದು, ಸಾಯಿಯಾ?"

ಶ್ರೀಶ ಅವಲಕ್ಕಿ ಕೆದಕಿದ. "ಹಾಗಾದ್ರೆ ಎಂತ ಮಾಡುದು?"

"ಟೋಕನ್ ನಿಲ್ಲಿಸು. ಬುಧವಾರ ನಿನಗೆ ರಜೆ ಅಲ್ವಾ? ಅವಳಿಗೆ ಕೆಲಸ ಉಂಟು. ಬೆಳಿಗ್ಗೆ ಆರಕ್ಕೆ ಇಬ್ಬರೂ ಆ ಸೈಟಿನ ಮೇಲೆ ನಿಲ್ಲಿ. ಅಲ್ಲೇ ಎದ್ದ ಹಾಗೆ, ಅಲ್ಲಿಂದಲೇ ಹೊರಟ ಹಾಗೆ ಅವಳ ಕೆಲಸಕ್ಕೆ ಹೋಗಿ. ಮಗು ನನ್ನ ಹತ್ತಿರ ಇರ್ಲಿ. ಸರಿ ಬಂದ್ರೆ ನಾನೇ ಪತ್ರ ಟೈಪ್ ಮಾಡಿ ಕೊಡ್ತೇನೆ."

ಸೋಮವಾರ, ಮಂಗಳವಾರ ಎರಡು ದಿನ ಮಳೆ ಹೊಯ್ಯಿತು. ಬುಧವಾರ ಬೆಳಿಗ್ಗೆ ಐದರ ಒಳಗೆ ಗಂಡ ಹೆಂಡತಿ ಸ್ಕೂಟರಿನಲ್ಲಿ ಹೊರಟರು. ಹೈವೇ ಕಡೆಯ ರಸ್ತೆ ಚೆನ್ನಾಗಿತ್ತು. ಲೇಔಟಿನ ಕಮಾನಿನ ಕೆಳಗೆ ಸ್ಕೂಟರ್ ನಿಲ್ಲಿಸಿದಾಗ ಆರಕ್ಕೆ ಐದು ನಿಮಿಷ. ಬೆಳಕು ಹರಿಯುತ್ತಿತ್ತು. ಬಿಳಿ ಕಲ್ಲು ನೆಟ್ಟ ಸೈಟಿನ ಮೇಲೆ ನಿಂತು ಶ್ರೀಶ ಕೈ ಅಗಲಿಸಿದ.

"ನೋಡು, ಇಲ್ಲಿ ಹಾಲ್. ಅಲ್ಲಿ ನಿನ್ನ ಅಡುಗೆಮನೆ."

ಪ್ರಣಮ್ಯಾ ನೋಡಿದಳು. ಗಾಳಿ ತಂಪಾಗಿತ್ತು. ಒಂದು ಗಳಿಗೆ ಅವಳಿಗೆ ನಿಜಕ್ಕೂ ಆಸೆಯಾಯಿತು. ಈ ಪರೀಕ್ಷೆ ಸುಮ್ಮನೆ ಪಾಸಾಗಿಬಿಡಲಿ ಎಂದು ದೇವರಿಗೆ ಕೈ ಮುಗಿದಳು.

ಸ್ಟೇಷನ್ ಕಡೆಯ ದಾರಿಯಲ್ಲಿ ಐದಾರು ಮನೆಗಳಿದ್ದವು. ಒಂದು ಮನೆಯ ಮುಂದೆ ಪ್ಲಾಸ್ಟಿಕ್ ಕೊಡಗಳನ್ನು ಸಾಲಾಗಿ ಇಟ್ಟುಕೊಂಡು ಹೆಂಗಸೊಬ್ಬಳು ಕೂತಿದ್ದಳು. ಹೆಸರು ಸೀತಾ. ಶ್ರೀಶನನ್ನು ನೋಡಿ ನಕ್ಕಳು.

"ಊಟದ ಮಾಸ್ಟರ್ ತಾನೆ? ನಿಮ್ಮ ಪಾಯಸ ಮಿಕ್ಕರೆ ನಮಗೂ ಕೊಡ್ತಾರೆ," ಎಂದಳು ತಮಿಳಿನಲ್ಲಿ.

"ಏನಮ್ಮಾ, ಇಷ್ಟು ಬೆಳಿಗ್ಗೆ ಕೊಡ ಹಿಡಿದು?"

"ನೀರಿನ ಲಾರಿ ಬರುತ್ತೆ. ವಾರಕ್ಕೆ ಮೂರು ದಿನ. ಎಷ್ಟು ಗಂಟೆಗೆ ಅಂತ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ."

"ಬೋರು ಇಲ್ವಾ?" ಪ್ರಣಮ್ಯಾ ಕೇಳಿದಳು.

"ಇದೆಯಕ್ಕಾ, ಉಪ್ಪು. ಬಟ್ಟೆಗೆ ಸಾಬೂನು ಹಿಡಿಯಲ್ಲ, ಬೇಳೆ ಬೇಯಲ್ಲ."

ಬೇಳೆ ಬೇಯುವುದಿಲ್ಲ ಎಂಬುದು ಶ್ರೀಶನಿಗೆ ತಟ್ಟಿತು. ಭಾನುವಾರಗಳಂದು ಅಡುಗೆ ಮಾಡಿಯೇ ತರುತ್ತಿದ್ದ. ಇಲ್ಲಿನ ನೀರಿನಲ್ಲಿ ಒಂದು ಸಲವೂ ಒಲೆ ಹಚ್ಚಿರಲಿಲ್ಲ.

"ನೀನು ಕೆಲಸಕ್ಕೆ ಹೋಗ್ತೀಯಾ?" ಎಂದಳು ಪ್ರಣಮ್ಯಾ.

"ಹೋಗ್ತಿದ್ದೆ. ನೀರು ಹಿಡಿಯೋರು ಯಾರು ಮತ್ತೆ?" ಸೀತಾ ನಗುತ್ತಲೇ ಹೇಳಿದಳು.

ಮುಂದೆ ರೈಲು ಹಳಿಯ ಕೆಳಗೆ ಹಾದುಹೋಗುವ ದಾರಿ. ಅಲ್ಲಿ ಮೊಳಕಾಲು ಮುಳುಗುವಷ್ಟು ಕಂದು ನೀರು ನಿಂತಿತ್ತು. ಹಾಳೆಯಲ್ಲಿ ಹೇಳಿದ ಏಳು ನಿಮಿಷದ ಗುಟ್ಟು ಆ ದಾರಿ. ಅದು ಮುಚ್ಚಿದ್ದರಿಂದ ಜನ ಸುತ್ತುಹಾಕಿ ಮೇಲ್ಸೇತುವೆಗೆ ಹೋಗುತ್ತಿದ್ದರು. ಶೇರ್ ಆಟೋ ಏಳರ ಮೇಲೆಯೇ. ಸ್ಕೂಟರನ್ನು ಕಮಾನಿನ ಬಳಿಯೇ ಬಿಟ್ಟು ಬಂದಿದ್ದ ಇಬ್ಬರೂ ನಡೆದರು. ಶ್ರೀಶ ಮೊದಮೊದಲು, "ಇವತ್ತು ಮಳೆ ಅಲ್ವಾ" ಎನ್ನುತ್ತಿದ್ದ, ಆಮೇಲೆ ಗಡಿಯಾರ ನೋಡುತ್ತ ನಡೆದ. ಸ್ಟೇಷನ್ ತಲುಪಿದಾಗ ಆರೂ ಐವತ್ತು.

ಏಳರ ರೈಲು. ಪ್ರಣಮ್ಯಾ ಹೆಂಗಸರ ಬೋಗಿ ಹತ್ತಿದಳು, ಶ್ರೀಶ ಪಕ್ಕದ್ದನ್ನು. ಕೂರಲು ಜಾಗವಿರಲಿಲ್ಲ. ಬಾಗಿಲ ಬಳಿ ಒಬ್ಬಾಕೆ ನೆಲದಲ್ಲೇ ಕೂತು ಬೀನ್ಸ್ ಸೋಸುತ್ತಿದ್ದಳು, ಸಂಜೆಯ ಪಲ್ಯಕ್ಕೆ. ಪಾರ್ಕ್ ಬಂದಾಗ ಎಂಟೂ ಐದು. ಜನರ ನಡುವೆ ನುಗ್ಗಿ ಸೆಂಟ್ರಲಿಗೆ, ಅಲ್ಲಿ ಮತ್ತೆ ಕಾದು ಇನ್ನೊಂದು ರೈಲು, ಅಂಬತ್ತೂರಿನಲ್ಲಿ ಇಳಿದು ಶೇರ್ ಆಟೋ. ಕಾರ್ಖಾನೆಯ ಗೇಟು ಕಂಡಾಗ ಒಂಬತ್ತೂ ಹತ್ತು. ನಲವತ್ತು ನಿಮಿಷ ತಡ.

ಶ್ರೀಶ ಆ ಗೇಟನ್ನು ನೋಡಿದ್ದು ಅದೇ ಮೊದಲು. ಒಳಗೊಂದು ಲಾರಿ ಇಂಜಿನ್ ಚಾಲೂ ಇಟ್ಟುಕೊಂಡು ನಿಂತಿತ್ತು. ಡ್ರೈವರ್ ಕೈ ಬೀಸುತ್ತ ಯಾರಿಗೋ ದೂರು ಹೇಳುತ್ತಿದ್ದ. ಪ್ರಣಮ್ಯಾಳನ್ನು ಕಂಡೊಡನೆ ಹಿರಿಯ ಕಾವಲುಗಾರ ಎದ್ದು ನಿಂತ.

"ಬನ್ನಿ ಮೇಡಂ. ನಿಮ್ಮ ಸಹಿ ಇಲ್ಲದೆ ಲೋಡು ಹೊರಗೆ ಬಿಡಲ್ಲ ಅಂದೆ. ಎಂಟೂ ಮುಕ್ಕಾಲಿನಿಂದ ಎಲ್ಲರೂ ಕಾಯ್ತಾ ಇದ್ದಾರೆ."

ಅವಳು ಓಡುತ್ತಲೇ ಒಳಗೆ ಹೋದಳು. ಶ್ರೀಶ ಎದುರಿನ ಚಹಾದಂಗಡಿಯಲ್ಲಿ ಕೂತ. ಕಾಲು ಗಂಟೆ ಕಳೆದ ಮೇಲೆ ಆ ಲಾರಿ ಗೇಟು ದಾಟಿ ಹೋಯಿತು. ನೂರು ಎಲೆಯ ಪಂಕ್ತಿ ಕೂತಿದೆ, ಮಾಸ್ಟರ್ ಬಂದು ಉಪ್ಪು ನೋಡುವ ತನಕ ಸಾರು ಹೊರಗೆ ಬರುವ ಹಾಗಿಲ್ಲ. ಅದು ಅವನಿಗೆ ಗೊತ್ತಿದ್ದ ಸಂಗತಿ. ಅಂಥದ್ದೊಂದು ಜಾಗ ತನ್ನ ಹೆಂಡತಿಗೂ ಇದೆಯೆಂದು ಮದುವೆಯಾದ ಎಂಟು ವರ್ಷದಲ್ಲಿ ಅವನು ಯೋಚಿಸಿರಲಿಲ್ಲ. ಅವಳೂ ಹೇಳಿರಲಿಲ್ಲ. ಅವನು ಕೇಳಿಯೂ ಇರಲಿಲ್ಲ.

ಸಂಜೆ ಪ್ರಣಮ್ಯಾ ಮನೆಗೆ ಬಂದಾಗ, ಮರಳಿ ಹೋಗಿ ಸ್ಕೂಟರ್ ತಂದಿದ್ದ ಅವನು ಚಪಾತಿ ಲಟ್ಟಿಸುತ್ತಿದ್ದ.

"ಆ ಜಾಗ ಬೇಡ," ಎಂದ.

ಪ್ರಣಮ್ಯಾ ಚೀಲ ಇಳಿಸಲಿಲ್ಲ. "ನನ್ನಿಂದಾಗಿ ಮನೆ ತಪ್ಪಿತು ಅಂತ ಆಮೇಲೆ ಹೇಳ್ಬೇಡಿ."

"ಹೇಳುದಿಲ್ಲ."

"ನನಗೆ ಕೆಲಸ ಬಿಡ್ಲಿಕ್ಕೆ ಮನಸ್ಸಿಲ್ಲ. ಶುಕ್ರವಾರವೇ ಹೇಳ್ಬೇಕಿತ್ತು. ಹೇಳ್ಲಿಲ್ಲ. ಮನೆಯೂ ಬೇಕು ನನಗೆ. ಎರಡೂ ಬೇಕು." ಹೇಳಿ ಮುಗಿಸಿದ ಮೇಲೆ ಅವಳಿಗೇ ಆಶ್ಚರ್ಯ, ಎಷ್ಟು ಚಿಕ್ಕ ಮಾತು ಅದು!

"ಎರಡೂ ಹುಡುಕುವ," ಎಂದ ಶ್ರೀಶ. "ಮೊದಲು ಕೈಕಾಲು ತೊಳ್ಕೊ, ಚಪಾತಿ ಒಣಗ್ತದೆ."

ಸಾಯಿಗೆ ಮಾತ್ರ ಹೇಗೆ ಹೇಳುವುದೆಂದು ಅವನಿಗೆ ಸಂಕೋಚ. ಉಂಡ ಋಣ ಅಲ್ಲ, ಉಣಿಸಿದ ಋಣ. ಶನಿವಾರ ಸಾಯಿ ಹೋಟೆಲಿಗೆ ಬಂದಾಗ ಕಾಫಿ ಮುಂದಿಟ್ಟು ಹೇಳಿಯೇಬಿಟ್ಟ. ಸಾಯಿ ಬೇಸರಪಟ್ಟುಕೊಳ್ಳಲಿಲ್ಲ.

"ಪರವಾಯಿಲ್ಲ ಮಾಸ್ಟರ್. ಜಾಗ ಎಲ್ಲರಿಗೂ ಹೊಂದಲ್ಲ."

"ಅಲ್ಲಪ್ಪಾ, ಒಂದು ಕೇಳ್ತೇನೆ. ಅಷ್ಟು ಒಳ್ಳೆ ಲೇಔಟಿನಲ್ಲಿ ನೀನೇ ಯಾಕೆ ಮನೆ ಕಟ್ಟಿಲ್ಲ? ತಾಂಬರಂನಲ್ಲಿ ಬಾಡಿಗೆಗೆ ಇದ್ದೇನೆ ಅಂತಿದ್ದಿ."

ಸಾಯಿ ಕಾಫಿ ಲೋಟ ತಿರುಗಿಸಿ ಸಣ್ಣಗೆ ನಕ್ಕ. "ಹೆಂಡತಿ ಒಪ್ಪಲಿಲ್ಲ ಮಾಸ್ಟರ್. ಅವಳು ಕಲಿಸುವ ಸ್ಕೂಲು ಪಲ್ಲಾವರಂನಲ್ಲಿ, ಅಲ್ಲಿಂದ ದೂರ ಆಗುತ್ತೆ."

ಕಿಟ್ಟಣ್ಣ ಅಲ್ಲಿ ಕೊಂಡ ತಮ್ಮ ಜಾಗವನ್ನು ಇಟ್ಟುಕೊಂಡರು. ಅವರಿಗೆ ರೈಲು ಹಿಡಿಯಬೇಕಾಗಿಲ್ಲ, ನಿವೃತ್ತಿಯ ನಂತರ ನಿಧಾನಕ್ಕೆ ಕಟ್ಟುವ ಯೋಚನೆ. ಅವರಿಗೆ ಸರಿಯಾದದ್ದು ಇವರಿಗೆ ಸರಿಯಲ್ಲ, ಅಷ್ಟೇ.

ಶ್ರೀಶ ಮತ್ತು ಪ್ರಣಮ್ಯಾ ಆಮೇಲೆ ಅಂಬತ್ತೂರಿನ ಆಚೆ, ಆವಡಿಯ ಕಡೆ ಹುಡುಕಿದರು. ಒಂದರಲ್ಲಿ ಪಟ್ಟಾ ಇರಲಿಲ್ಲ. ಇನ್ನೊಂದರ ವಿಲ್ಲಂಗಂನಲ್ಲಿ ತೀರದ ಅಡಮಾನವೊಂದು ಸಿಕ್ಕಿತು. ಗುಣಕ್ಕ ಹೇಳಿಕೊಟ್ಟಿದ್ದರಿಂದ ಅದನ್ನು ಪ್ರಣಮ್ಯಾಳೇ ಕಂಡುಹಿಡಿದಳು. ಐದನೆಯದು ಹಳೆಯ ಫ್ಲಾಟ್, ಎರಡನೇ ಮಹಡಿ, ಲಿಫ್ಟಿಲ್ಲ, ಉಯ್ಯಾಲೆಯೂ ಇಲ್ಲ. ಮಳೆಯ ಮರುದಿನ ಹೋಗಿ ನೋಡಿದರು, ರಸ್ತೆ ಒಣಗಿತ್ತು. ಕೆಳಗಿನ ಮನೆಯವರ ನಲ್ಲಿಯಲ್ಲಿ ಒಂದು ಬಾಟಲಿ ನೀರು ಹಿಡಿದು ತಂದು ಶ್ರೀಶ ಬೇಳೆ ಬೇಯಿಸಿ ನೋಡಿದ. ಬೆಂದಿತು. ಅಲ್ಲಿಂದ ಪ್ರಣಮ್ಯಾಗೆ ಕೆಲಸಕ್ಕೆ ಅರ್ಧ ಗಂಟೆ. ಶ್ರೀಶನಿಗೆ ಒಂದೂವರೆ. ಹೋಟೆಲಿನ ಧನಿಗಳ ಹತ್ತಿರ ಮಾತಾಡಿ ಅವನು ಬೆಳಗಿನ ಆರರ ಬದಲು ಏಳಕ್ಕೆ ಬರುವುದೆಂದು ಒಪ್ಪಿಸಿಕೊಂಡ.

ಪೊಂಗಲ್‌ಗೆ ಮೊದಲೇ ಕೂಡಿಬಂದ ನೋಂದಣಿಯ ದಿನ ಗುಣಕ್ಕನೇ ಪತ್ರ ಟೈಪು ಮಾಡಿದರು. "ಯಾರ ಹೆಸರು?" ಎಂದು ಕೇಳಿದಾಗ ಶ್ರೀಶ, "ಇಬ್ಬರದ್ದೂ," ಎಂದ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮೊದಲ ಮನೆ ಕೊಳ್ಳುವಾಗ ಬೆಲೆ ಕಡಿಮೆ ಎಂಬುದು ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತದೆ, ಅದು ತಪ್ಪಲ್ಲ. ಆದರೆ ಹಣ ಕೊಡುವ ಮೊದಲು ಅನುಮೋದನೆ, ಪಟ್ಟಾ, ಮೂಲಪತ್ರ, ವಿಲ್ಲಂಗಂ ಇವನ್ನು ತಿಳಿದವರಿಗೆ ತೋರಿಸಿ. ಪರಿಚಯದವರು, ನಮ್ಮೂರಿನವರು ಎಂದು ಅದನ್ನು ಬಿಡಬೇಡಿ. ಮಳೆ ಬಿದ್ದ ಮೇಲೆ ಒಮ್ಮೆ ಹೋಗಿ. ಅಲ್ಲಿ ಈಗಾಗಲೇ ಇರುವ ಹೆಂಗಸರನ್ನು ನೀರಿನ ಬಗ್ಗೆ ಕೇಳಿ. ಕೆಲಸದ ದಿನದಂದು, ಕೆಲಸದ ಹೊತ್ತಿಗೆ, ಆ ಜಾಗದಿಂದಲೇ ಹೊರಟು ನೋಡಿ. ಪತ್ರದಲ್ಲಿ ಇಬ್ಬರ ಹೆಸರೂ ಇರಲಿ.

ಇದೆಲ್ಲಕ್ಕೂ ಮೊದಲು, ಅಣ್ಣತಮ್ಮಂದಿರೇ, ನಿಮ್ಮ ಮನೆಯಾಕೆಯನ್ನು ಕೂರಿಸಿಕೊಂಡು, "ಅಲ್ಲಿಗೆ ಹೋದರೆ ನಿನ್ನ ದಿನ ಹೇಗಿರುತ್ತದೆ?" ಎಂದು ಕೇಳಿ. ಅವಳು ಕೂಡಲೇ ಉತ್ತರ ಕೊಡದಿದ್ದರೆ ಅವಸರ ಮಾಡಬೇಡಿ, ಕಾಯಿರಿ. ಅವಳಿಗೆ ಆ ಪ್ರಶ್ನೆಯೇ ಹೊಸದಿರಬಹುದು.